ಐದು ಜನರ ಮನೆ, ಊಟಕ್ಕೆ ತಿಂಗಳಿಗೆ 5,000 ರೂಪಾಯಿ. ಮಕ್ಕಳಿಗೆ ಶಕ್ತಿ ಬರುವ ಹಾಗೆ ಹೇಗೆ ನಡೆಸುವುದು?

ಮೇಟಗಳ್ಳಿ ಮನೆ ಬರೆದದ್ದು:

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುವುದು ಇದೇ ಮೊದಲು.

ಮೈಸೂರಿನ ಮೇಟಗಳ್ಳಿಯಲ್ಲಿ ಬಾಡಿಗೆ ಮನೆ. ನಾನು, ನಮ್ಮವರು, ಅತ್ತೆ, 11 ವರ್ಷದ ಮಗಳು, 4 ವರ್ಷದ ಮಗ. ನಮ್ಮವರು ಕೆಲಸ ಮಾಡುವ ಕಡೆ ಓಟಿ ಪೂರ್ತಿ ನಿಲ್ಲಿಸಿದ್ದಾರೆ. ಮೊದಲು ಅದರಲ್ಲೇ ದಿನಸಿ ನಡೆಯುತ್ತಿತ್ತು. ನಾನು ಮನೆಯಲ್ಲೇ ಸೀರೆಗೆ ಫಾಲ್, ಕುಚ್ಚು ಹಾಕುತ್ತೇನೆ, ಮದುವೆ ಸೀಸನ್ ಇದ್ದರೆ ಮಾತ್ರ ಕೈಗೆ ಕಾಸು. ಬಾಡಿಗೆ, ಸಂಘದ ಕಂತು, ಬಸ್ಸು, ಇದೆಲ್ಲ ಕಳೆದರೆ ಊಟಕ್ಕೆ ಅಂತ ಉಳಿಯುವುದು 5,000. ಗೃಹಲಕ್ಷ್ಮಿ 2,000 ಅತ್ತೆ ಹೆಸರಿಗೆ ಬರುತ್ತದೆ, ಅದು ಅವರ ಸಕ್ಕರೆ ಕಾಯಿಲೆ, ಬಿಪಿ ಮಾತ್ರೆಗೆ ಮತ್ತು ಗ್ಯಾಸ್ ಸಿಲಿಂಡರಿಗೆ ಸರಿಹೋಗುತ್ತದೆ. ರೇಷನ್ ಕಾರ್ಡ್ ಇದೆ, ಅಕ್ಕಿಗೆ ತೊಂದರೆ ಇಲ್ಲ.

ತೊಂದರೆ ಇರುವುದು ಅಕ್ಕಿ ಬಿಟ್ಟು ಮಿಕ್ಕಿದ್ದರಲ್ಲಿ. ಬೀದಿ ಅಂಗಡಿಯಲ್ಲಿ ಬರೆಸಿ ತರುತ್ತೇನೆ. ಎಣ್ಣೆ 4 ಪ್ಯಾಕೆಟ್, ಸಕ್ಕರೆ 4 ಕೆಜಿ, ತೊಗರಿಬೇಳೆ 2 ಕೆಜಿ, ಟೀ ಪುಡಿ, ಸಾಂಬಾರ್ ಪುಡಿ ರಸಂ ಪುಡಿ ಪ್ಯಾಕೆಟ್, ದಿನಾ ಅರ್ಧ ಲೀಟರ್ ಹಾಲು, ಮಕ್ಕಳಿಗೆ ಬಿಸ್ಕೆಟ್, ನೂಡಲ್ಸ್, ಈರುಳ್ಳಿ, ಟೊಮೆಟೊ. 20ನೇ ತಾರೀಖಿಗೆ ಎಲ್ಲ ಮುಗಿಯುತ್ತದೆ. ಕೊನೆಯ ಹತ್ತು ದಿನ ಅನ್ನ, ತಿಳಿಸಾರು, ಉಪ್ಪಿನಕಾಯಿ.

ಹೋದ ವಾರ ಮಗಳು ಸ್ಕೂಲಿನಲ್ಲಿ ತಲೆ ಸುತ್ತಿ ಕುಳಿತುಬಿಟ್ಟಳು. ರಕ್ತ ಪರೀಕ್ಷೆ ಮಾಡಿಸಿದೆವು, ಹಿಮೋಗ್ಲೋಬಿನ್ 9.4 ಅಂದರು. ಮಾತ್ರೆ ಕೊಟ್ಟಿದ್ದಾರೆ, ಊಟ ಚೆನ್ನಾಗಿ ಕೊಡಿ ಅಂತಲೂ ಹೇಳಿದರು. ಆ ಮಾತು ಕೇಳಿದಾಗಿನಿಂದ ನನಗೆ ಸರಿಯಾಗಿ ನಿದ್ದೆ ಬಂದಿಲ್ಲ.

ಈಗ ನಡೆಯುತ್ತಿರುವುದು ಹೀಗೆ. ನಮ್ಮವರು ಬೆಳಿಗ್ಗೆ ಚಿತ್ರಾನ್ನವೋ ಉಪ್ಪಿಟ್ಟೋ ಡಬ್ಬಿಗೆ ಹಾಕಿಸಿಕೊಂಡು ಹೋಗುತ್ತಾರೆ. ಮಗಳಿಗೂ ಅದೇ ಡಬ್ಬಿ, ಸರ್ಕಾರಿ ಸ್ಕೂಲು, ಆರನೇ ಕ್ಲಾಸು. ಮಗ ಅಂಗನವಾಡಿಗೆ ಹೋಗಲು ಅಳುತ್ತಾನೆ, ಅದಕ್ಕೆ ಮನೆಯಲ್ಲೇ ಹಾಲು ಬಿಸ್ಕೆಟ್, ಮಧ್ಯಾಹ್ನ ಅನ್ನ ಸಾರು. ಅತ್ತೆಗೆ ಎರಡು ಹೊತ್ತೂ ಮುದ್ದೆ. ಮೊಟ್ಟೆ, ಬಾಡು ತಿನ್ನುತ್ತೇವೆ, ಸೋಮವಾರ ಶನಿವಾರ ಮಾತ್ರ ಇಲ್ಲ.

ಇಷ್ಟೇ ದುಡ್ಡಿನಲ್ಲಿ ನಡೆಸಿದವರು, ಈಗಲೂ ನಡೆಸುತ್ತಿರುವವರು, ದಯವಿಟ್ಟು ಹೇಳಿ. ದುಡ್ಡು ಜಾಸ್ತಿ ಮಾಡಿಕೊಳ್ಳುವ ದಾರಿ ಬೇಡ, ಅದನ್ನು ನಾವು ನೋಡಿಕೊಳ್ಳುತ್ತೇವೆ. ಇರುವ 5,000ದಲ್ಲಿ ತಟ್ಟೆಗೆ ಏನು ಬರಬೇಕು ಅನ್ನುವುದು ಗೊತ್ತಾಗಬೇಕು.

---

ನಂಜನಗೂಡು ರಸ್ತೆ ಬರೆದದ್ದು:

ಅಕ್ಕ, ನಾನು 12 ವರ್ಷ ದಿನಸಿ ಅಂಗಡಿಯಲ್ಲಿ ಕೆಲಸ ಮಾಡಿದವನು. ನಿಮ್ಮ ಪಟ್ಟಿ ನೋಡಿದ ತಕ್ಷಣ ದುಡ್ಡು ಎಲ್ಲಿ ಹೋಗುತ್ತಿದೆ ಅಂತ ಗೊತ್ತಾಯಿತು. ನಿಮ್ಮದು ಅಂತಲ್ಲ, ನಾನು ತೂಗಿ ಕೊಟ್ಟ ಮನೆಗಳಲ್ಲಿ ಅರ್ಧಕ್ಕರ್ಧ ಹೀಗೇ ಇತ್ತು.

ಮೊದಲು ಬಿಸ್ಕೆಟ್ಟು. ಇಬ್ಬರು ಮಕ್ಕಳಿಗೆ ದಿನಕ್ಕೆ ಹತ್ತು ರೂಪಾಯಿಯ ಒಂದೊಂದು ಪ್ಯಾಕೆಟ್ ಅಂದರೂ ತಿಂಗಳಿಗೆ 600. ನಾನು ಹೋದ ವಾರ 30 ಮೊಟ್ಟೆಯ ಟ್ರೇ 200ಕ್ಕೆ ತಂದೆ. ಅದೇ 600ಕ್ಕೆ ಮೂರು ಟ್ರೇ ಬರುತ್ತದೆ, 90 ಮೊಟ್ಟೆ! ಇದನ್ನು ಒಂದು ಸಲ ಕಾಗದದ ಮೇಲೆ ಬರೆದು ಮನೆಯವರಿಗೆಲ್ಲ ತೋರಿಸಿ. ಮಕ್ಕಳೂ ಒಪ್ಪುತ್ತಾರೆ, ನಮ್ಮ ಮನೆಯಲ್ಲಿ ಒಪ್ಪಿದರು.

ಎರಡನೆಯದು ಬರೆಸಿ ತರುವುದು. ಪುಸ್ತಕ ಇದ್ದರೆ ರೇಟು ಕೇಳುವ ಬಾಯಿ ಬರುವುದಿಲ್ಲ, ಪಕ್ಕದ ಅಂಗಡಿಗೆ ಹೋಗುವ ಹಾಗೂ ಇಲ್ಲ. ಕೈಲಿ ಕಾಸು ಇಲ್ಲದಾಗ ಐದು ಹತ್ತು ರೂಪಾಯಿಯ ಸಣ್ಣ ಪೊಟ್ಟಣ ತರುತ್ತೇವೆ, ಅದರ ಕೆಜಿ ಲೆಕ್ಕ ಹಾಕಿದರೆ ದೊಡ್ಡ ಪ್ಯಾಕೆಟ್ಟಿಗಿಂತ ಎಷ್ಟೋ ಜಾಸ್ತಿ ಬೀಳುತ್ತದೆ. ಒಂದೇ ಸಲಕ್ಕೆ ಪುಸ್ತಕ ಮುಚ್ಚಲು ಆಗುವುದಿಲ್ಲ, ಗೊತ್ತು. ತಿಂಗಳಿಗೆ 300 ಜಾಸ್ತಿ ಕಟ್ಟಿ, ಹೊಸದಾಗಿ ಬರೆಸುವುದು ಹಾಲು ಒಂದನ್ನೇ ಅಂತ ಇಟ್ಟುಕೊಳ್ಳಿ. ಕುಚ್ಚಿನ ದುಡ್ಡು ಬಂದ ತಿಂಗಳು ಪೂರ್ತಿ ತೀರಿಸಿಬಿಡಿ.

ಈಗ ಲೆಕ್ಕ. ಇದು ನಾನು ತಂದ ರೇಟು, ನಿಮ್ಮ ಕಡೆ ಹತ್ತು ಇಪ್ಪತ್ತು ಆಚೆ ಈಚೆ ಆಗಬಹುದು. ಹಾಲು ಅರ್ಧ ಲೀಟರಿನ ಹಾಗೆ 700. ಮೊಟ್ಟೆ ಎರಡು ಟ್ರೇ 400. ತೊಗರಿಬೇಳೆ 2 ಕೆಜಿ 240, ಹುರುಳಿ 2 ಕೆಜಿ 150, ಹೆಸರುಕಾಳು ಅಲಸಂದೆ ಸೇರಿ 2 ಕೆಜಿ 220, ಕಡಲೆಕಾಯಿ ಬೀಜ 1 ಕೆಜಿ 140. ರಾಗಿ 8 ಕೆಜಿ 350, ರೇಷನ್ನಿನಲ್ಲಿ ರಾಗಿ ಕೊಟ್ಟ ತಿಂಗಳು ಇದು ಉಳಿಯುತ್ತದೆ. ಎಣ್ಣೆ 3 ಲೀಟರ್ 450. ಸೊಪ್ಪು ದಿನಕ್ಕೆ 20 ರೂಪಾಯಿಯ ಹಾಗೆ 600. ಮಿಕ್ಕ ತರಕಾರಿ, ಈರುಳ್ಳಿ, ಟೊಮೆಟೊ 800. ಸಕ್ಕರೆ, ಬೆಲ್ಲ ಸೇರಿ 2 ಕೆಜಿ 100. ಟೀ ಪುಡಿ 150. ಒಣಮೆಣಸಿನಕಾಯಿ, ಧನಿಯ, ಜೀರಿಗೆ, ಹುಣಸೆ, ಬೆಳ್ಳುಳ್ಳಿ 400. ಉಪ್ಪು, ಸಾಸಿವೆ 50. ಒಟ್ಟು 4,750. ಉಳಿದ 250 ಬಾಳೆಹಣ್ಣಿಗೋ ಒಂದು ಭಾನುವಾರದ ಕೋಳಿಗೋ. ಪುಸ್ತಕದ 300 ಎಲ್ಲಿಂದ ಅಂದರೆ ಎರಡು ತಿಂಗಳು ಆ ಕೋಳಿ ಬಿಡಬೇಕಾಗುತ್ತದೆ, ತರಕಾರಿಯಲ್ಲೂ ಸ್ವಲ್ಪ ಕೈ ಹಿಡಿಯಬೇಕಾಗುತ್ತದೆ.

ಪಟ್ಟಿಯಲ್ಲಿ ನೂಡಲ್ಸ್ ಇಲ್ಲ, ಪುಡಿ ಪ್ಯಾಕೆಟ್ ಇಲ್ಲ, ಸಕ್ಕರೆ ಅರ್ಧ ಆಗಿದೆ. ಅಕ್ಕಿ ಹೇಗೂ ಬರುತ್ತದೆ ಅಲ್ವಾ, ಕೈಲಿರುವ ದುಡ್ಡನ್ನೆಲ್ಲ ಅಕ್ಕಿಯಲ್ಲಿ ಇಲ್ಲದೇ ಇರುವುದಕ್ಕೆ ಹಾಕಿ.

ಇನ್ನೊಂದು. ನಾಲ್ಕೈದು ಮನೆಯವರು ಸೇರಿಕೊಂಡರೆ ಬಂಡಿಪಾಳ್ಯದ ಎಪಿಎಂಸಿ ಯಾರ್ಡಿಗೆ ಬೆಳಿಗ್ಗೆ ಬೇಗ ಹೋಗಿ ಈರುಳ್ಳಿ, ಟೊಮೆಟೊ ಮೂಟೆ ಕ್ರೇಟ್ ಲೆಕ್ಕದಲ್ಲಿ ತಂದು ಹಂಚಿಕೊಳ್ಳಬಹುದು. ಹೆಂಗಸರಿಗೆ ಬಸ್ಸು ಫ್ರೀ. ಒಬ್ಬರೇ ಹೋದರೆ ಅಷ್ಟು ಮಾಲು ಹೊರುವುದೂ ಕಷ್ಟ, ಮನೆಯಲ್ಲಿ ಕೊಳೆಯುವುದೂ ಗ್ಯಾರಂಟಿ, ಹಾಗಾಗಿ ಜೊತೆ ಇಲ್ಲದೆ ಹೋಗಬೇಡಿ. ಅದು ಆಗದಿದ್ದರೆ ನಂಜುಮಳಿಗೆ ಕಡೆಯೋ ಎಂ.ಜಿ. ರೋಡ್ ಮಾರ್ಕೆಟ್ಟಿಗೋ ಸಂಜೆ ಕತ್ತಲಾಗುವ ಹೊತ್ತಿಗೆ ಹೋಗಿ. ಸೊಪ್ಪಿನವರು ಮನೆಗೆ ಹೊರಡುವ ಹೊತ್ತು, ಎರಡು ಕಂತೆಯ ದುಡ್ಡಿಗೆ ಮೂರು ಕೊಡುತ್ತಾರೆ.

---

ಶ್ರೀರಂಗಪಟ್ಟಣ ಅಜ್ಜಿ ಬರೆದದ್ದು:

ಮಗಳೇ, ನನ್ನ ಮೊಮ್ಮಗ ಟೈಪ್ ಮಾಡಿಕೊಡುತ್ತಿದ್ದಾನೆ, ನಾನು ಹೇಳುತ್ತಿದ್ದೇನೆ.

ಮೊದಲು ಒಂದು ಕೇಳುತ್ತೇನೆ. ಗಂಡ ಏನು ತಿನ್ನುತ್ತಾರೆ ಬರೆದಿದ್ದೀಯ, ಮಗಳು, ಮಗ, ಅತ್ತೆ, ಎಲ್ಲರದೂ ಬರೆದಿದ್ದೀಯ. ನೀನು ಏನು ತಿನ್ನುತ್ತೀಯ ಅಂತ ಎಲ್ಲೂ ಇಲ್ಲ. ಎರಡು ಸಲ ಓದಿಸಿದೆ, ಇಲ್ಲ. ಅದನ್ನು ಆಮೇಲೆ ಹೇಳು, ತಪ್ಪಿಸಬೇಡ.

ಈಗ ಅಡುಗೆ. ನಮ್ಮ ಕಡೆ ಉಪ್ಸಾರು, ಬಸ್ಸಾರು ಅನ್ನುವುದು ಇಂಥ ದಿನಕ್ಕೇ ಹುಟ್ಟಿದ ಅಡುಗೆ. ನಾನು ಆರು ಮಕ್ಕಳನ್ನು ಅದರಲ್ಲೇ ಸಾಕಿದೆ. ಒಂದೇ ಪಾತ್ರೆಯಲ್ಲಿ ಸಾರೂ ಆಯಿತು, ಪಲ್ಯವೂ ಆಯಿತು. ಕಾಳನ್ನು ರಾತ್ರಿಯೇ ನೆನೆಹಾಕು. ಬೆಳಿಗ್ಗೆ ಕುಕ್ಕರಿನಲ್ಲಿ ಕಾಳು ಬೇಯಿಸಿ, ಆಮೇಲೆ ತೊಳೆದು ಹೆಚ್ಚಿದ ಸೊಪ್ಪು, ಉಪ್ಪು ಹಾಕಿ ಮುಚ್ಚಳ ತೆಗೆದು ಒಂದು ಕುದಿ ಬರಿಸು. ಸೊಪ್ಪನ್ನು ತೊಳೆದೇ ಹೆಚ್ಚಬೇಕು, ಹೆಚ್ಚಿ ತೊಳೆದರೆ ಸಾರವೆಲ್ಲ ಬಚ್ಚಲಿಗೆ. ಬಸಿದು ಕಟ್ಟು ಬೇರೆ ಇಡು. ಕಟ್ಟಿನಲ್ಲೇ ಶಕ್ತಿ ಇರುವುದು, ಒಂದು ತೊಟ್ಟೂ ಚೆಲ್ಲಬೇಡ.

ಉಪ್ಸಾರು ಮಾಡುವ ದಿನ ಕಟ್ಟು ಹಾಗೇ ಇರಲಿ. ಒಣಮೆಣಸಿನಕಾಯಿ ಕೆಂಡದಲ್ಲಿ ಸುಡುತ್ತಿದ್ದೆವು, ನೀನು ಬಾಂಡ್ಲಿಯಲ್ಲಿ ಹುರಿ. ಬೆಳ್ಳುಳ್ಳಿ, ಜೀರಿಗೆ, ಒಂದು ಚೂರು ಹುಣಸೆ, ಉಪ್ಪು ಸೇರಿಸಿ ಅರೆದರೆ ಖಾರ ಆಯಿತು. ಮುದ್ದೆ ಮುರಿದು ಕಟ್ಟಿಗೆ ಹಾಕಿ, ತುದಿಯಲ್ಲಿ ಖಾರ ಮುಟ್ಟಿಸಿಕೊಂಡು ತಿನ್ನುವುದು. ಎಣ್ಣೆ ಬೇಕಾಗುವುದು ಪಲ್ಯದ ಒಗ್ಗರಣೆಗೆ ಒಂದು ಚಮಚ. ಮಕ್ಕಳಿಗೆ ಖಾರ ಕಡಿಮೆ ಮಾಡಿ ಅನ್ನಕ್ಕೆ ಕಟ್ಟು, ಒಂದು ಹಿಡಿ ಕಾಳು ಕಿವುಚಿ ಕಲಸಿ ಕೊಡು. ಬಸ್ಸಾರಿನ ದಿನ ಅದೇ ಕಟ್ಟಿಗೆ ಹುರಿದ ಈರುಳ್ಳಿ, ಬೆಳ್ಳುಳ್ಳಿ, ಮೆಣಸಿನಕಾಯಿ, ಧನಿಯ, ಬೆಂದ ಕಾಳು ಎರಡು ಚಮಚ ಸೇರಿಸಿ ರುಬ್ಬಿ ಹಾಕಿ ಕುದಿಸು. ಕಾಯಿ ರೇಟು ಈಗ ಕೇಳುವ ಹಾಗಿಲ್ಲ, ಕಾಯಿ ಇಲ್ಲದಿದ್ದರೆ ಬೆಂದ ಕಾಳೇ ಸಾರನ್ನು ಗಟ್ಟಿ ಮಾಡುತ್ತದೆ, ಒಂದು ಹಿಡಿ ಹುರಿಗಡಲೆ ಹಾಕಿದರೂ ಸರಿ.

ಸೊಪ್ಪು ಅಂದರೆ ಪಾಲಕ್ ಒಂದೇ ಅಂತ ತಿಳಿಯಬೇಡ. ದಂಟು, ಕೀರೆ, ಹೊನಗೊನೆ, ಅಣ್ಣೆ ಸೊಪ್ಪು, ಚಕ್ಕೋತ, ಎಲ್ಲ ಸೇರಿಸಿ ಬೆರಕೆ ಸೊಪ್ಪು ಅಂತ ಮಾರುತ್ತಾರೆ, ಅದರ ರುಚಿಯೇ ಬೇರೆ. ನುಗ್ಗೆ ಸೊಪ್ಪಿಗೆ ಕಾಸು ಕೊಡಬೇಡ. ನಿಮ್ಮ ಬೀದಿಯಲ್ಲಿ ಯಾರ ಮನೆ ಮುಂದಾದರೂ ಮರ ಇರುತ್ತದೆ, ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ.

ಬೆಳಗಿನ ತಿಂಡಿ ಅಂತ ದಿನಾ ಎಣ್ಣೆ ಸುರಿದು ಚಿತ್ರಾನ್ನ ಮಾಡುವುದು ಬಿಡು. ರಾತ್ರಿ ಅಂಬಲಿ ಕಾಯಿಸಿ ಇಟ್ಟು ಬೆಳಿಗ್ಗೆ ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ ಹಾಕಿ ಕುಡಿಸು. ಮಕ್ಕಳು ಒಲ್ಲೆ ಅಂದರೆ ರಾಗಿ ರೊಟ್ಟಿ, ಒಳಗೆ ನುಗ್ಗೆ ಸೊಪ್ಪು, ಈರುಳ್ಳಿ. ಜೊತೆಗೆ ಹುಚ್ಚೆಳ್ಳು ಚಟ್ನಿಪುಡಿ. ಒಂದು ಸಲ ಮಾಡಿದರೆ ಹದಿನೈದು ದಿನ ಬರುತ್ತದೆ.

---

ಮೇಟಗಳ್ಳಿ ಮನೆ ಬರೆದದ್ದು:

ಅಜ್ಜಿ, ನಿಮ್ಮ ಪ್ರಶ್ನೆ ಓದಿ ಸ್ವಲ್ಪ ಹೊತ್ತು ಸುಮ್ನೆ ಕುಳಿತಿದ್ದೆ. ಎಲ್ಲರದೂ ಆದ ಮೇಲೆ ಉಳಿದದ್ದು ತಿನ್ನುತ್ತೇನೆ. ಬೆಳಿಗ್ಗೆ ಟೀ, 11 ಗಂಟೆಗೆ ಇನ್ನೊಂದು ಟೀ, ಮಧ್ಯಾಹ್ನ ಅನ್ನ, ಸಾರು ಉಳಿದಿದ್ದರೆ ಸಾರು. ಸಂಜೆ ಮತ್ತೆ ಟೀ. ಹಸಿವು ಆದಾಗ ಟೀ ಕುಡಿದರೆ ನಡೆಯುತ್ತದೆ. ಸಕ್ಕರೆ 4 ಕೆಜಿ ಯಾಕೆ ಹೋಗುತ್ತದೆ ಅಂತ ಈಗ ಬರೆಯುವಾಗ ಗೊತ್ತಾಗುತ್ತಿದೆ.

ನನ್ನ ರಕ್ತ ಪರೀಕ್ಷೆ ಮಗನ ಬಾಣಂತನದ ಹೊತ್ತಿಗೆ ಮಾಡಿಸಿದ್ದು, ಆಮೇಲೆ ಇಲ್ಲ.

ನಂಜನಗೂಡು ರಸ್ತೆ ಅಣ್ಣ, ನಿಮ್ಮ ಲೆಕ್ಕ ಬರೆದು ಗೋಡೆಗೆ ಅಂಟಿಸಿದ್ದೇನೆ.

---

ಪೋಷಣೆ ಮೈಸೂರು ಬರೆದದ್ದು:

ನಾನು ಆಹಾರ ಮತ್ತು ಪೋಷಣೆ ಓದಿದವಳು, ಮಾನಸಗಂಗೋತ್ರಿಯಲ್ಲಿ. ಮೊದಲು ನಿಮಗೇ ಹೇಳುತ್ತೇನೆ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ ನಿಮ್ಮ ಹಿಮೋಗ್ಲೋಬಿನ್ ನೋಡಿಸಿ. ನಮ್ಮ ವಯಸ್ಸಿನ ಹೆಂಗಸರಿಗೆ 12ರ ಕೆಳಗೆ ಇದ್ದರೆ ರಕ್ತ ಕಡಿಮೆ ಅಂತ ಲೆಕ್ಕ, ನಿಮ್ಮ ಮಗಳ ವಯಸ್ಸಿಗೆ 11.5. ಕಬ್ಬಿಣದ ಮಾತ್ರೆ ಅಲ್ಲಿ ದುಡ್ಡಿಲ್ಲದೆ ಕೊಡುತ್ತಾರೆ. ಮಗಳ ಮಾತ್ರೆಯನ್ನು ಊಟ ಸುಧಾರಿಸಿತು ಅಂತ ನಡುವೆ ಬಿಡಬೇಡಿ, 9.4 ಊಟದಿಂದ ಮಾತ್ರ ಬೇಗ ಏರುವುದಿಲ್ಲ. ಜಂತುಹುಳದ ಮಾತ್ರೆ ಕೊಟ್ಟಿದ್ದಾರಾ ಕೇಳಿ. ಶಾಲೆ, ಅಂಗನವಾಡಿಗಳಲ್ಲಿ ಫೆಬ್ರವರಿ 10 ಮತ್ತು ಆಗಸ್ಟ್ 10ರ ಸುತ್ತ ಕೊಡುತ್ತಾರೆ, ಅವತ್ತು ರಜೆ ಹಾಕಿಸಬೇಡಿ.

ಟೀ ಬಗ್ಗೆ. ಊಟದ ಜೊತೆ, ಊಟ ಆದ ಕೂಡಲೇ ಟೀ ಕಾಫಿ ಕುಡಿದರೆ ಸೊಪ್ಪು ಕಾಳಿನಲ್ಲಿರುವ ಕಬ್ಬಿಣವನ್ನು ದೇಹ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಒಂದು ಗಂಟೆ ಬಿಟ್ಟು ಕುಡಿಯಿರಿ. ಮಾತ್ರೆಯನ್ನೂ ಟೀ, ಹಾಲಿನ ಜೊತೆ ನುಂಗಿಸಬೇಡಿ. ಬದಲಿಗೆ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿ, ಇಲ್ಲವೇ ಊಟಕ್ಕೆ ಒಂದು ಸೀಬೆಹಣ್ಣಿನ ಚೂರು, ನೆಲ್ಲಿಕಾಯಿ ಕಾಲದಲ್ಲಿ ನೆಲ್ಲಿಕಾಯಿ. ಹುಳಿಯಲ್ಲಿರುವ ಸಿ ವಿಟಮಿನ್ ಕಬ್ಬಿಣ ಸೇರಲು ಸಹಾಯ ಮಾಡುತ್ತದೆ. ಎರಡು ರೂಪಾಯಿಯ ಕೆಲಸ, ಫಲ ದೊಡ್ಡದು. ತಿಂಗಳಿಗೆ ಎರಡು ಸಲ ಕೋಳಿ ಲಿವರ್ ತನ್ನಿ, ಮಾಂಸಕ್ಕಿಂತ ಕಡಿಮೆಗೆ ಸಿಗುತ್ತದೆ, ಅದರಲ್ಲಿರುವ ಕಬ್ಬಿಣ ಸೊಪ್ಪಿನದಕ್ಕಿಂತ ಸುಲಭವಾಗಿ ಮೈಗೆ ಹತ್ತುತ್ತದೆ.

ಮಗಳ ಡಬ್ಬಿ. ಆರನೇ ಕ್ಲಾಸು, ಸರ್ಕಾರಿ ಸ್ಕೂಲು ಅಂದಿರಿ. ಅಲ್ಲಿ ಬಿಸಿಯೂಟ ಇದೆ, ಹಾಲು ಇದೆ, ಮೊಟ್ಟೆ ಇದೆ. ಕ್ಷೀರಭಾಗ್ಯದ ಹಾಲು 2013ರಿಂದ ಕೊಡುತ್ತಿದ್ದಾರೆ. ಇಷ್ಟೆಲ್ಲ ಇದ್ದೂ ಡಬ್ಬಿಯ ಚಿತ್ರಾನ್ನ ತಿನ್ನುತ್ತಿದ್ದಾಳೆ ಅಂದರೆ ಏನೋ ಕಾರಣ ಇರುತ್ತದೆ. ಆ ವಯಸ್ಸಿನ ಹುಡುಗಿಯರು ಗೆಳತಿಯರು ಡಬ್ಬಿ ತರುತ್ತಾರೆ ಅಂತ ತಾವೂ ತರುತ್ತಾರೆ. ಬೈಯದೆ ಕೇಳಿ. ಅವಳಿಗೆ 9.4 ಅಂದರೆ ಏನು ಅಂತ ಅರ್ಥ ಆಗುವ ವಯಸ್ಸು. ಮಗನನ್ನೂ ಅಂಗನವಾಡಿಗೆ ಒಂದು ವಾರ ನೀವೇ ಜೊತೆಗೆ ಕುಳಿತು ಅಭ್ಯಾಸ ಮಾಡಿಸಿ. ಅಲ್ಲಿ ಊಟ, ಮೊಟ್ಟೆ ಸಿಗುತ್ತದೆ, ತೂಕ ನೋಡುತ್ತಾರೆ, ನಿಮಗೂ ಕುಚ್ಚು ಹಾಕಲು ಮೂರು ಗಂಟೆ ಸಿಗುತ್ತದೆ.

ಅತ್ತೆಯವರ ಮುದ್ದೆ. ಸಕ್ಕರೆ ಕಾಯಿಲೆಗೆ ಮುದ್ದೆ ಎಷ್ಟು ಬೇಕಾದರೂ ತಿನ್ನಬಹುದು ಅಂತ ಮೈಸೂರು, ಮಂಡ್ಯದ ಮನೆಮನೆಯಲ್ಲೂ ನಂಬಿದ್ದಾರೆ. ಹಾಗಿಲ್ಲ. ರಾಗಿಯೂ ಪಿಷ್ಟವೇ, ಮುದ್ದೆ ದೊಡ್ಡದಾದರೆ ಸಕ್ಕರೆ ಏರುತ್ತದೆ. ಒಂದು ಹೊತ್ತಿಗೆ ಸಣ್ಣ ಮುದ್ದೆ ಒಂದು, ಅದರ ಎರಡರಷ್ಟು ಸೊಪ್ಪು ಕಾಳು ಅನ್ನುವ ಲೆಕ್ಕ ಇಟ್ಟುಕೊಳ್ಳಿ. ರಾಗಿಯ ದೊಡ್ಡ ಗುಣ ಸುಣ್ಣದ ಅಂಶ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಜಾಸ್ತಿ ಕ್ಯಾಲ್ಸಿಯಂ ಇದೆ, ಅಷ್ಟೇ ಹಾಲಿನಲ್ಲಿ ಸುಮಾರು 120. ಅರ್ಧ ಲೀಟರ್ ಹಾಲಿನ ಮೇಲೆ ಇನ್ನಷ್ಟು ಹಾಲು ತರಲು ಆಗದಿರುವ ನಿಮ್ಮ ಮನೆಗೆ ಇದು ಮುಖ್ಯ. ಆ ಅರ್ಧ ಲೀಟರನ್ನು ಟೀಗೆ ಖರ್ಚು ಮಾಡದೆ ಸ್ವಲ್ಪ ಹೆಪ್ಪು ಹಾಕಿ, ಮೊಸರು ಮಜ್ಜಿಗೆಯಾಗಿ ಐದೂ ಜನಕ್ಕೆ ಬರುತ್ತದೆ.

ಅನ್ನದ ಜೊತೆ ಕಾಳು ಯಾಕೆ ಬೇಕೇ ಬೇಕು ಅಂದರೆ, ಅಕ್ಕಿಯ ಪ್ರೋಟೀನಿನಲ್ಲಿ ಲೈಸಿನ್ ಅನ್ನುವ ಒಂದು ಭಾಗ ಕಡಿಮೆ, ಕಾಳಿನಲ್ಲಿ ಅದು ಜಾಸ್ತಿ. ಕಾಳಿನಲ್ಲಿ ಕೊರತೆ ಇರುವುದನ್ನು ಅಕ್ಕಿ ತುಂಬುತ್ತದೆ. ಹುರುಳಿಯಲ್ಲಿ 100 ಗ್ರಾಂಗೆ ಸುಮಾರು 22 ಗ್ರಾಂ ಪ್ರೋಟೀನ್, ತೊಗರಿಬೇಳೆಯಲ್ಲೂ ಹೆಚ್ಚುಕಡಿಮೆ ಅಷ್ಟೇ, ರೇಟು ನೋಡಿದರೆ ಹುರುಳಿ ತುಂಬಾ ಕಡಿಮೆ. ಸೋಯಾ ಚಂಕ್ಸ್‌ನಲ್ಲಿ 50ರ ಮೇಲೆ ಇದೆ, ತಿಂಗಳಿಗೆ ಅರ್ಧ ಕೆಜಿ ತಂದು ಪಲಾವಿಗೆ, ಸಾರಿಗೆ ಹಾಕಿ, ಮಕ್ಕಳು ಬಾಡಿನ ಹಾಗೆ ಇಷ್ಟಪಟ್ಟು ತಿನ್ನುತ್ತಾರೆ.

ರೇಷನ್ ಅಕ್ಕಿಯಲ್ಲಿ ಬಣ್ಣ ಸ್ವಲ್ಪ ಬೇರೆ ಇರುವ ಕಾಳು ಕಂಡರೆ ಪ್ಲಾಸ್ಟಿಕ್ ಅಕ್ಕಿ ಅಂತ ಆರಿಸಿ ಬಿಸಾಡಬೇಡಿ. ಅಕ್ಕಿಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಸಿಡ್, ಬಿ12 ಸೇರಿಸಿ ಮತ್ತೆ ಅಕ್ಕಿ ಆಕಾರ ಮಾಡಿ, 100 ಕಾಳಿಗೆ ಒಂದರ ಹಾಗೆ ಬೆರೆಸಿರುತ್ತಾರೆ. ಅಂಥ ಅಕ್ಕಿ ಬಂದಾಗ ಗಂಜಿ ಬಸಿಯದೆ ಅಳತೆ ನೀರಿನಲ್ಲಿ ಅನ್ನ ಮಾಡಿ.

---

ಕೆರಗೋಡು ರೈತ ಬರೆದದ್ದು:

ಮಂಡ್ಯದ ಹತ್ತಿರ ನಮ್ಮ ಊರು. ರಾಗಿ ಹಿಟ್ಟಿನ ಪ್ಯಾಕೆಟ್ ತರಬೇಡಿ ಅಕ್ಕ. ಇಡೀ ರಾಗಿ ತಂದು, ಕಲ್ಲು ಆರಿಸಿ, ತೊಳೆದು ಒಣಗಿಸಿ ಮಿಲ್ಲಿಗೆ ಕೊಡಿ. ಹದಿನೈದು ದಿನಕ್ಕೆ ಬೇಕಾದಷ್ಟೇ ಬೀಸಿಸಿ, ಹಿಟ್ಟು ಹಳತಾದರೆ ಮುದ್ದೆ ಕಹಿ ಬರುತ್ತದೆ. ಇಡೀ ರಾಗಿ ಮಾತ್ರ ವರ್ಷಗಟ್ಟಲೆ ಇಟ್ಟರೂ ಕೆಡುವುದಿಲ್ಲ. ನಮ್ಮ ಕಡೆ ಹಿಂದೆ ನೆಲದೊಳಗೆ ಹಗೇವು ತೋಡಿ ಇಡುತ್ತಿದ್ದರು. ನಮ್ಮ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರ್ಮಿನಲ್ಲಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಕೂಡಿಸಿ ಇಂಡಾಫ್ ತಳಿಗಳನ್ನು ಮಾಡಿದ ಮೇಲೆ ಎಕರೆಗೆ ಬರುವ ರಾಗಿ ಎಷ್ಟೋ ಜಾಸ್ತಿ ಆಯಿತು, ಬಡವರ ಮನೆಗೂ ಮುದ್ದೆ ಸಿಕ್ಕಿತು. ಆ ಮನುಷ್ಯನನ್ನು ನಮ್ಮಪ್ಪ ದಿನಾ ನೆನೆಯುತ್ತಿದ್ದರು, ಅದಕ್ಕೇ ಬರೆದೆ.

ಊರಲ್ಲಿ ನೆಂಟರು ಇದ್ದರೆ ಸುಗ್ಗಿಯಲ್ಲಿ, ಜನವರಿ ಹೊತ್ತಿಗೆ, ಹೊಲದಿಂದಲೇ ಒಂದು ಮೂಟೆ ರಾಗಿ, ಹತ್ತು ಸೇರು ಹುರುಳಿ, ಅವರೆಕಾಳು ತನ್ನಿ. ಕಾಳನ್ನು ಎರಡು ಬಿಸಿಲು ಚೆನ್ನಾಗಿ ಒಣಗಿಸಿ, ಆರಿದ ಮೇಲೆ ಡಬ್ಬಕ್ಕೆ ತುಂಬಿ. ಬಿಸಿ ಇರುವಾಗಲೇ ತುಂಬಿದರೆ ಬೆವರಿ ಹುಳ ಬೀಳುತ್ತದೆ. ತೊಗರಿಬೇಳೆಗೆ ಕೆಜಿಗೆ ಒಂದು ಚಮಚ ಹರಳೆಣ್ಣೆ ಸವರಿ, ಮಿಕ್ಕ ಕಾಳಿಗೆ ಒಣಗಿದ ಬೇವಿನ ಸೊಪ್ಪು, ನಾಲ್ಕು ಒಣಮೆಣಸಿನಕಾಯಿ ಹಾಕಿ. ತಿಂಗಳಿಗೊಮ್ಮೆ ಬಿಸಿಲು ತೋರಿಸಿ.

---

ಹೆಬ್ಬಾಳು ಶಿಫ್ಟ್ ಬರೆದದ್ದು:

ಎಲ್ಲರೂ ಹೇಳಿದ್ದು ಸರಿ, ನಾನು ಒಂದು ಬೇರೆ ಮಾತು ಹೇಳಬೇಕು. ನಾನೂ ಫ್ಯಾಕ್ಟರಿಗೆ ಹೋಗುವವಳು, ಬೆಳಿಗ್ಗೆ 6ಕ್ಕೆ ಮನೆ ಬಿಡಬೇಕು. ಪುಡಿ ಮನೆಯಲ್ಲೇ ಮಾಡಿ, ಖಾರ ಅರೆಯಿರಿ, ರಾಗಿ ತೊಳೆದು ಒಣಗಿಸಿ ಅಂತ ಹೇಳುವಾಗ ಅದೆಲ್ಲ ಯಾರ ಕೈ ಮೇಲೆ ಬೀಳುತ್ತದೆ ಅಂತಲೂ ನೋಡಬೇಕು. ಈ ಅಕ್ಕ ಊಟವನ್ನೇ ಸರಿಯಾಗಿ ಮಾಡುತ್ತಿಲ್ಲ.

ನಾನು ಮಾಡಿಕೊಂಡಿರುವುದು ಹೀಗೆ. ಭಾನುವಾರ ಒಂದೇ ಸಲ ಸಾರಿನ ಪುಡಿ, ಹುಚ್ಚೆಳ್ಳು ಪುಡಿ, ಸೊಪ್ಪು ಬಿಡಿಸುವುದು. ಬಿಡಿಸಿದ ಸೊಪ್ಪನ್ನು ತೊಳೆಯದೆ ಬಟ್ಟೆಯಲ್ಲಿ ಸುತ್ತಿಟ್ಟರೆ ಎರಡು ಮೂರು ದಿನ ತಡೆಯುತ್ತದೆ. ಬಿಡಿಸುವ ಕೆಲಸ ಗಂಡನದ್ದು, ಆರಿಸುವ ಕೆಲಸ ಅತ್ತೆಯದ್ದು, ಒಗ್ಗರಣೆ ನನ್ನದು. ಟಿವಿ ನೋಡುತ್ತಾ ಒಂದು ಬುಟ್ಟಿ ದಂಟು ಬಿಡಿಸಿ ಮುಗಿಯುತ್ತದೆ. ಕೇಳಿದರೆ ಮಾಡುತ್ತಾರೆ, ನಾವು ಕೇಳುವುದಿಲ್ಲ ಅಷ್ಟೇ.

ಗ್ಯಾಸಿಗೂ ಒಂದು. ಎಂಟು ಗಂಟೆ ನೆನೆದ ಕಾಳು ಬೇಗ ಬೇಯುತ್ತದೆ, ನೆನೆಯದೆ ಇಟ್ಟರೆ ಸಿಲಿಂಡರ್ ಬೇಗ ಖಾಲಿ. ಕುಕ್ಕರ್ ಎರಡು ಕೂಗಿದ ಮೇಲೆ ಆರಿಸಿ, ಹಳೇ ಕಂಬಳಿ ಸುತ್ತಿ ಅರ್ಧ ಗಂಟೆ ಬಿಡಿ. ಒಳಗಿನ ಬಿಸಿಗೇ ಮಿಕ್ಕಿದ್ದು ಬೇಯುತ್ತದೆ.

ತಿಂಗಳ ಕೊನೆಯಲ್ಲಿ ನಮ್ಮವರಿಗೆ ಡಬ್ಬಿ ಕಟ್ಟಲು ಏನೂ ಇಲ್ಲದ ದಿನ ಇಂದಿರಾ ಕ್ಯಾಂಟೀನಿಗೆ ಹೋಗಿ ಅನ್ನುತ್ತೇನೆ. ದುಡಿಯುವವರು ತಿನ್ನುವ ಜಾಗ ಅದು, ಸಂಕೋಚ ಯಾಕೆ.

---

ಮೇಟಗಳ್ಳಿ ಮನೆ ಬರೆದದ್ದು (ಮೂರು ವಾರದ ನಂತರ):

ಎಲ್ಲರಿಗೂ ಹೇಳಬೇಕು ಅಂತ ಬಂದೆ.

ಬಿಸ್ಕೆಟ್ ನಿಂತಿದೆ. ಮೊದಲ ನಾಲ್ಕು ದಿನ ಮಗ ಅತ್ತ. ಈಗ ಹುರಿದ ಕಡಲೆಕಾಯಿ ಬೀಜಕ್ಕೆ ಬೆಲ್ಲದ ಚೂರು ಸೇರಿಸಿ ಬಟ್ಟಲಿಗೆ ಹಾಕಿ ಕೊಡುತ್ತೇನೆ, ಅಗಿದು ತಿನ್ನುವ ತನಕ ಪಕ್ಕದಲ್ಲೇ ಕೂರುತ್ತೇನೆ. ಅಂಗನವಾಡಿಯಲ್ಲಿ ಐದನೇ ದಿನ ಅವನೇ ಚಪ್ಪಲಿ ಹಾಕಿಕೊಂಡು ನಿಂತ.

ಮಗಳನ್ನು ಕೇಳಿದೆ. ಗೆಳತಿಯರೆಲ್ಲ ಡಬ್ಬಿ ತರುತ್ತಾರೆ ಅಂದಳು, ನೀವು ಹೇಳಿದ ಹಾಗೇ. ಅವಳ ಟೀಚರ್ ಹತ್ತಿರ ಮಾತಾಡಿದೆ, ಅವರು ಅವತ್ತಿನಿಂದ ಮಕ್ಕಳ ಜೊತೆ ಕುಳಿತು ಬಿಸಿಯೂಟ ಮಾಡುತ್ತಿದ್ದಾರೆ. ಈಗ ಗೆಳತಿಯರಲ್ಲಿ ಇಬ್ಬರು ಡಬ್ಬಿ ಬಿಟ್ಟಿದ್ದಾರೆ. ಮೊಟ್ಟೆ ದಿನ ಮನೆಗೆ ಬಂದು ಹೇಳುತ್ತಾಳೆ.

ನನ್ನದು 8.9 ಬಂತು. ಮಾತ್ರೆ ಶುರು ಮಾಡಿದ್ದೇನೆ. ಅತ್ತೆಗೆ ಅಜ್ಜಿಯ ಮಾತನ್ನು ಓದಿ ಹೇಳಿದೆ. ಅವರು ಏನೂ ಅನ್ನಲಿಲ್ಲ, ಮರುದಿನದಿಂದ ಮಧ್ಯಾಹ್ನ ಎರಡು ತಟ್ಟೆ ಹಾಕಿ ನನ್ನನ್ನು ಕರೆಯುತ್ತಾರೆ. ಅವರ ಮುದ್ದೆಯೂ ಸಣ್ಣದಾಗಿದೆ.

ಈ ತಿಂಗಳು 26ರ ತನಕ ಬಂದಿದೆ, ಪುಸ್ತಕಕ್ಕೆ 200 ಕಟ್ಟಿದ್ದೇನೆ, 300 ಆಗಲಿಲ್ಲ. ತಪ್ಪಿದ್ದು ಎಣ್ಣೆಯಲ್ಲಿ, ಮಧ್ಯದಲ್ಲಿ ನೆಂಟರು ಬಂದರು.

ಅಜ್ಜಿ, ಒಂದು ಕೇಳಬೇಕಿತ್ತು. ಹುರುಳಿ ಉಷ್ಣ, ಮಕ್ಕಳಿಗೆ ವಾರಕ್ಕೆ ಎರಡು ಸಲ ಕೊಡಬೇಡ ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಮೊಳಕೆ ಕಟ್ಟಿದರೆ ಸರಿ ಅಂತಲೂ ಹೇಳುತ್ತಾರೆ. ನಾನು ಕಟ್ಟಿದ್ದು ಎರಡು ಸಲವೂ ವಾಸನೆ ಬಂತು.

---

ಶ್ರೀರಂಗಪಟ್ಟಣ ಅಜ್ಜಿ ಬರೆದದ್ದು:

ನಿನ್ನ ಅತ್ತೆಗೆ ನನ್ನ ನಮಸ್ಕಾರ ಹೇಳು ಮಗಳೇ.

ಹುರುಳಿ ಮಳೆಗಾಲ, ಚಳಿಗಾಲದಲ್ಲಿ ವಾರಕ್ಕೆ ಎರಡು ಸಲ ಧಾರಾಳವಾಗಿ ಮಾಡು. ಬೇಸಿಗೆಯಲ್ಲಿ ಒಂದು ಸಲ, ಮೇಲೆ ಒಂದು ಲೋಟ ಮಜ್ಜಿಗೆ. ನಮ್ಮ ಮಕ್ಕಳು ಹಾಗೇ ಬೆಳೆದರು.

ವಾಸನೆ ಬಂದಿದ್ದು ನೀರು ಪೂರ್ತಿ ಬಸಿಯದೆ ಕಟ್ಟಿದ್ದರಿಂದ. ಬೆಳಿಗ್ಗೆ ನೆನೆಹಾಕಿ ರಾತ್ರಿ ಎರಡು ನೀರಿನಲ್ಲಿ ತೊಳೆ. ಜರಡಿಯಲ್ಲಿ ಹತ್ತು ನಿಮಿಷ ಬಿಟ್ಟು, ತೆಳ್ಳನೆ ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ ನೇತುಹಾಕು, ಡಬ್ಬದೊಳಗೆ ಮುಚ್ಚಿಡಬೇಡ. ಬೆಳಿಗ್ಗೆ ಬಟ್ಟೆ ಒಣಗಿದ್ದರೆ ಕೈಯಲ್ಲಿ ನೀರು ಚಿಮುಕಿಸು. ಮೂತಿ ಒಡೆದು ಬೆಳ್ಳಗೆ ಕಂಡರೆ ಸಾಕು, ಉದ್ದ ಬರಲಿ ಅಂತ ಕಾಯಬೇಡ. ಚೆನ್ನಾಗಿ ಬೇಯಿಸಿಯೇ ಕೊಡು, ಹಸಿಯದು ಮಕ್ಕಳಿಗೆ ಬೇಡ.